ಮೂರು ಸಲ ಸಾಕು

ಬೆಳಗಿನ ಜಾವದ ಬಾಂಗ್ ಕೇಳಿಸುವುದಕ್ಕೆ ಮುಂಚೆಯೇ ನಮ್ಮ ಮನೆಯಲ್ಲಿ ನೀರಿನ ಸದ್ದು ಶುರುವಾಗುತ್ತಿತ್ತು. ಬಾವಿಯ ರಾಟೆ ಕಿರುಗುಟ್ಟುವುದು, ಕೊಡಪಾನ ಕಲ್ಲಿಗೆ ತಾಗುವುದು, ಆಮೇಲೆ ಬಚ್ಚಲಿನಲ್ಲಿ ಚೆಂಬಿನಿಂದ ನೀರು ಬೀಳುವುದು. ಒಂದು, ಎರಡು, ಮೂರು. ಸ್ವಲ್ಪ ಹೊತ್ತು ಮೌನ. ಮತ್ತೆ ಒಂದು, ಎರಡು, ಮೂರು. ನಾನು ಚಾಪೆಯಲ್ಲಿ ಮಲಗಿಕೊಂಡೇ ಎಣಿಸುತ್ತಿದ್ದೆ. ನಡುವಿನ ಆ ಮೌನದಲ್ಲಿ ಉಮ್ಮ ಏನು ಮಾಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮೊಣಕೈಯನ್ನು ತಿರುಚಿ ಬಲ್ಬಿನ ಬೆಳಕಿಗೆ ಹಿಡಿದು, ಎಲ್ಲಾದರೂ ಒದ್ದೆಯಾಗದ ಜಾಗ ಉಳಿದಿದೆಯೇ ಎಂದು ನೋಡುತ್ತಿದ್ದಳು.

ಐದು ನಿಮಿಷದ ವುಝೂ ಅವಳಿಗೆ ಮುಕ್ಕಾಲು ಗಂಟೆ. ಸ್ನಾನವಾದರೆ ಎರಡು ಗಂಟೆ. ಎಷ್ಟೋ ದಿನ ವುಝೂ ಮುಗಿಯುವಷ್ಟರಲ್ಲಿ ಸೂರ್ಯ ಹುಟ್ಟಿ, ಯಾವ ನಮಾಝಿಗಾಗಿ ಅಷ್ಟು ತೊಳೆದುಕೊಂಡಳೋ ಆ ನಮಾಝಿನ ಹೊತ್ತೇ ದಾಟಿ ಹೋಗಿರುತ್ತಿತ್ತು. ಆಗ ಅವಳು ಬಚ್ಚಲಿನ ಹೊಸ್ತಿಲಲ್ಲಿ ಕುಳಿತು ಅಳುತ್ತಿದ್ದಳು. ಬಾಪ ಪೇಟೆಯ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿ ಏನೂ ಕಾಣದವರಂತೆ ದಾಟಿ ಹೋಗುತ್ತಿದ್ದರು. ನಮ್ಮ ಮನೆಮಾತು ಬ್ಯಾರಿ. ಅದರಲ್ಲಿ ಈ ಸ್ಥಿತಿಗೆ ಹೆಸರಿರಲಿಲ್ಲವೆಂದಲ್ಲ, ಇತ್ತು. ಆದರೆ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೆರೆಯವರೆದುರು ಹೇಳುವ ಮಾತು ಬೇರೆ: "ಅವಳಿಗೆ ದೀನಿನಲ್ಲಿ ಬಹಳ ಸೂಕ್ಷ್ಮ."

ಬಂಟ್ವಾಳದ ಕಡೆಯ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯ ಭಟ್ಟರ ತಾಯಿ ಮಡಿಯುಟ್ಟು ಅಂಗಳದಲ್ಲಿ ನಡೆಯುವಾಗ ಮಕ್ಕಳಾದ ನಾವು ದೂರ ಸರಿಯಬೇಕಿತ್ತು. ಉಮ್ಮನದೂ ಅಂಥದ್ದೇ ಒಂದು ಮಡಿ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಕನ್ನಡದಲ್ಲಿ ಓದಿಕೊಂಡವರು ಇಸ್ಲಾಮಿನ 'ತಹಾರತ್' ಎಂಬ ಮಾತನ್ನು ಕೇಳಿದರೆ ಮೊದಲು ಹೊಳೆಯುವುದೂ ಮಡಿ ಮೈಲಿಗೆಯೇ. ಆದರೆ ಎರಡರ ನಡೆ ಬೇರೆ. ಇಸ್ಲಾಮಿನ ಧರ್ಮಶಾಸ್ತ್ರ ಅಶುದ್ಧಿಯನ್ನು ಎರಡು ಭಾಗ ಮಾಡುತ್ತದೆ. ಒಂದು ನಜಸ್: ಕಣ್ಣಿಗೆ, ಮೂಗಿಗೆ ಸಿಗುವ ಕೊಳೆ. ರಕ್ತ, ಮೂತ್ರ, ಹೆಂಡ ಇಂಥವು. ಅದು ಬಟ್ಟೆಗೆ ತಾಗಿದರೆ ತೊಳೆದು ಅದರ ಬಣ್ಣ, ವಾಸನೆ, ರುಚಿ ಹೋಗಿಸಿದರೆ ಮುಗಿಯಿತು. ಇನ್ನೊಂದು ಹದಸ್. ಇದು ಕೊಳೆಯೇ ಅಲ್ಲ, ಒಂದು ಸ್ಥಿತಿ. ನಿದ್ದೆ ಮಾಡಿ ಎದ್ದವಳ ಮೈಯಲ್ಲಿ ಯಾವ ಕೊಳೆಯೂ ಇರುವುದಿಲ್ಲ. ಆದರೂ ನಮಾಝಿಗೆ ನಿಲ್ಲಲು ವುಝೂ ಬೇಕು. ಗಂಡ ಹೆಂಡಿರು ಸೇರಿದ ಮೇಲೆ, ಮುಟ್ಟು ನಿಂತ ಮೇಲೆ ಪೂರ್ಣ ಸ್ನಾನ ಬೇಕು. ಈ ಹದಸ್ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಸ್ನಾನ ಮಾಡದವಳು ಮುಟ್ಟಿದ ಪಾತ್ರೆ ಅಶುದ್ಧವಾಗುವುದಿಲ್ಲ, ಅವಳು ಬಡಿಸಿದ ಅನ್ನ ಅಶುದ್ಧವಾಗುವುದಿಲ್ಲ.

ಪ್ರವಾದಿಯವರ ಸಂಗಾತಿ ಅಬೂಹುರೈರಾ ಒಮ್ಮೆ ಮದೀನಾದ ಬೀದಿಯಲ್ಲಿ ಅವರನ್ನು ಕಂಡು ಮೆಲ್ಲನೆ ತಪ್ಪಿಸಿಕೊಂಡು ಹೋದರಂತೆ. ಸ್ನಾನ ಮಾಡಿ ಬಂದಾಗ ಪ್ರವಾದಿ ಎಲ್ಲಿ ಹೋಗಿದ್ದೆ ಎಂದು ಕೇಳಿದರು. ನಾನು ಸ್ನಾನ ಮಾಡಬೇಕಾದ ಸ್ಥಿತಿಯಲ್ಲಿದ್ದೆ, ಹಾಗೆಯೇ ನಿಮ್ಮ ಜೊತೆ ಕುಳಿತುಕೊಳ್ಳಲು ಮನಸ್ಸಾಗಲಿಲ್ಲ ಎಂದರು ಇವರು. ನಂಬಿದ ಮನುಷ್ಯ ಅಶುದ್ಧನಾಗುವುದೇ ಇಲ್ಲವಲ್ಲ ಎಂದು ಪ್ರವಾದಿ ಅಚ್ಚರಿಪಟ್ಟರು. ಮುಟ್ಟಾದ ಹೆಂಡತಿ ಆಯಿಷಾ ಕುಡಿದ ಪಾತ್ರೆಯನ್ನು ಇಸಿದುಕೊಂಡು, ಅವರ ಬಾಯಿ ತಾಗಿದ ಕಡೆಯೇ ತಮ್ಮ ಬಾಯಿ ಇಟ್ಟು ಕುಡಿದರು ಎಂಬುದನ್ನು ಸ್ವತಃ ಆಯಿಷಾ ನೆನಪಿಸಿಕೊಂಡದ್ದು ಹದೀಸ್ ಗ್ರಂಥಗಳಲ್ಲಿದೆ. ಮದ್ರಸದಲ್ಲಿ ನಮಗೆ ಇದನ್ನೆಲ್ಲ ಕಲಿಸಿದರು. ಮನೆಗೆ ಬಂದರೆ ಮುಟ್ಟಾದವಳು ಉಪ್ಪಿನಕಾಯಿ ಭರಣಿಗೆ ಕೈ ಹಾಕಬಾರದು ಎಂದು ಅಜ್ಜಿ ಗದರಿಸುತ್ತಿದ್ದಳು. ನೆರೆಹೊರೆಯ ನೀರು ನಮ್ಮ ಬಾವಿಗೂ ಇಳಿದಿತ್ತು, ಏನು ಮಾಡುವುದು.

ಉಮ್ಮನ ಕಷ್ಟ ಬೇರೆ. ಅವಳಿಗೆ ನಿಯಮ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದದ್ದು ಹೆಚ್ಚಾಗಿತ್ತು. ಕರಾವಳಿಯ ನಾವು ಶಾಫಿ ಪಂಥದವರು. ಶಾಫಿ ಶಾಸ್ತ್ರದಲ್ಲಿ ನೀರಿಗೆ ಒಂದು ಗಡಿಯಿದೆ: ಎರಡು 'ಖುಲ್ಲತ್', ಇವತ್ತಿನ ಲೆಕ್ಕದಲ್ಲಿ ಸುಮಾರು 200 ಲೀಟರ್. ಅಷ್ಟು ನೀರಿದ್ದರೆ ಅದರಲ್ಲಿ ಕೊಳೆ ಬಿದ್ದರೂ ಬಣ್ಣ, ವಾಸನೆ, ರುಚಿ ಬದಲಾಗದ ಹೊರತು ಅದು ಶುದ್ಧವೇ. ಅದಕ್ಕಿಂತ ಕಡಿಮೆಯಾದರೆ ಒಂದು ಹನಿ ಕೊಳೆಯೂ ಇಡೀ ನೀರನ್ನು ಕೆಡಿಸುತ್ತದೆ. ಮಸೀದಿಯ ಕೊಳದಲ್ಲಿ ವುಝೂ ಮಾಡುವ ಗಂಡಸರಿಗೆ ಈ ಚಿಂತೆಯಿಲ್ಲ. ಮನೆಯ ಬಚ್ಚಲಿನಲ್ಲಿ ಒಂದು ಬಕೆಟ್ ಇಟ್ಟುಕೊಂಡ ಹೆಂಗಸಿಗೆ ಪ್ರತಿ ಹನಿಯೂ ಚಿಂತೆ. ನೆಲಕ್ಕೆ ಬಿದ್ದು ಸಿಡಿದ ನೀರು ಬಕೆಟ್ಟಿಗೆ ಹಾರಿತೇ? ಮುಖ ತೊಳೆದಾದ ಮೇಲೆ ಕೈಯನ್ನು ಬಕೆಟ್ಟಿಗೆ ಅದ್ದುವಾಗ 'ನೀರು ಮೊಗೆಯುತ್ತಿದ್ದೇನೆ' ಎಂಬ ಉದ್ದೇಶ ಮನಸ್ಸಿನಲ್ಲಿತ್ತೇ? ಇಲ್ಲದಿದ್ದರೆ ಆ ನೀರು ಬಳಸಿದ ನೀರಾಗುತ್ತದೆ, ಮತ್ತೆ ಉಪಯೋಗಕ್ಕಿಲ್ಲ. ಮುಖಕ್ಕೆ ಮೊದಲ ಬೊಗಸೆ ಹಾಕುವ ಗಳಿಗೆಯಲ್ಲಿ ನಿಯ್ಯತ್ ಕೂಡಿತ್ತೇ, ಅಥವಾ ಒಂದು ಕ್ಷಣ ಹಿಂದೆಯೋ ಮುಂದೆಯೋ ಆಯಿತೇ? ಉಮ್ಮ ಬಕೆಟ್ ಚೆಲ್ಲುತ್ತಿದ್ದಳು. ಮತ್ತೆ ಸೇದುತ್ತಿದ್ದಳು.

ಪ್ರವಾದಿಯವರ ವುಝೂ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ಮುಗಿಯುತ್ತಿತ್ತು ಎಂದು ಹದೀಸ್ ಹೇಳುತ್ತದೆ. ಮರುಭೂಮಿಯ ಊರು, ಅಲ್ಲಿನ ಲೆಕ್ಕ. ನಮ್ಮಲ್ಲಿ ಮೇ ತಿಂಗಳಲ್ಲಿ ಬಾವಿ ಬತ್ತಿ ತಳದ ಕಲ್ಲು ಕಾಣುವಾಗ ಉಮ್ಮನ ಹನ್ನೆರಡು ಕೊಡಪಾನ ನೀರನ್ನು ಸೇದಿಕೊಡುತ್ತಿದ್ದವಳು ನಾನು.

ನಾಯಿಯ ಕತೆಯನ್ನು ಇಲ್ಲಿ ಹೇಳಬೇಕು. ಶಾಲೆಯಿಂದ ಬರುವ ದಾರಿಯಲ್ಲಿ ಒಂದು ಕಂದು ಮರಿ ನನ್ನ ಹಿಂದೆ ಬಿದ್ದು ಕೈ ನೆಕ್ಕಿತು. ಆಗ ನನಗೆ ಒಂಬತ್ತು ವರ್ಷ. ಆ ಸಂತೋಷದಲ್ಲಿ ಮನೆಗೆ ಬಂದು ಹೇಳಿಬಿಟ್ಟೆ. ಶಾಫಿ ಶಾಸ್ತ್ರದಲ್ಲಿ ನಾಯಿಯ ಎಂಜಲಿಗೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣಿನ ಜೊತೆ. ಉಮ್ಮ ನನ್ನನ್ನು ಅಂಗಳದ ತೆಂಗಿನ ಬುಡದಲ್ಲಿ ನಿಲ್ಲಿಸಿ ಏಳು ಸಲ ತೊಳೆದಳು. ಮಣ್ಣು ಸರಿಯಾಗಿ ತಾಗಿತೋ ಇಲ್ಲವೋ ಎಂಬ ಸಂಶಯ ಬಂದು ಮತ್ತೆ ಏಳು. ನಾನು ಅತ್ತು ಕೈ ಕೊಡವಿದಾಗ ಹನಿ ಅವಳ ಸೀರೆಗೆ ಹಾರಿತು. ಸೀರೆಗೆ ಏಳು. ಕತ್ತಲಾಗುವವರೆಗೆ ನಾನು ಅಂಗಳದಲ್ಲೇ ಇದ್ದೆ. ಒಂದು ವಾರ ಉಮ್ಮ ನನ್ನ ತಲೆ ಬಾಚಲಿಲ್ಲ, ಅಜ್ಜಿಯೇ ಬಾಚಿದಳು. ಮಾಲಿಕಿ ಪಂಥದಲ್ಲಿ ಜೀವವಿರುವ ನಾಯಿ ಶುದ್ಧವೇ ಎಂದು ತಿಳಿದದ್ದು ನಾನು ಕಾಲೇಜಿಗೆ ಹೋದ ಮೇಲೆ. ಅದೇ ಕುರ್‌ಆನ್, ಅದೇ ಪ್ರವಾದಿ. ಇಮಾಮ್ ಮಾಲಿಕರ ಊರಿನಲ್ಲಿ ಹುಟ್ಟಿದ್ದರೆ ನನ್ನ ಆ ಸಂಜೆ ಬೇರೆಯಾಗುತ್ತಿತ್ತು ಎಂದು ಅನ್ನಿಸಿ ನಗು ಬಂದಿತ್ತು.

ಹದೀಸಿನಲ್ಲಿ ಇನ್ನೊಂದು ನಾಯಿಯಿದೆ. ಬಾಯಾರಿ ಬಾವಿಯ ಸುತ್ತ ಸುತ್ತುತ್ತಿದ್ದ ನಾಯಿ. ಅದನ್ನು ಕಂಡ ಒಬ್ಬ ವೇಶ್ಯೆ ತನ್ನ ಕಾಲಿನ ಪಾದರಕ್ಷೆ ಕಳಚಿ, ತಲೆವಸ್ತ್ರಕ್ಕೆ ಕಟ್ಟಿ, ನೀರು ಸೇದಿ ಕುಡಿಸಿದಳು. ಅಷ್ಟಕ್ಕೆ ಅವಳ ಪಾಪವೆಲ್ಲ ಕ್ಷಮಿಸಲ್ಪಟ್ಟಿತು. ಏಳು ಸಲ ತೊಳೆಯಬೇಕೆಂದ ಹದೀಸೂ ಈ ಹದೀಸೂ ಬುಖಾರಿಯವರ ಒಂದೇ ಸಂಗ್ರಹದಲ್ಲಿವೆ. ಆ ನಾಯಿ ಕುಡಿಯುವಾಗ ಆ ಹೆಂಗಸಿನ ಕೈ ನೆಕ್ಕಿರಲಾರದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನನ್ನ ತಪ್ಪಿನ ಕತೆ.

ನನಗೆ ಹದಿನಾರು. ಪಿಯುಸಿ ಮೊದಲ ವರ್ಷ. ಕಾಲೇಜಿನ ಗೆಳತಿಯರು ಮನೆಗೆ ಬರುತ್ತೇವೆ ಎಂದಿದ್ದರು. ಅವರು ಕುಳಿತ ಚಾಪೆ, ಕುಡಿದ ಲೋಟ ಎಲ್ಲವನ್ನೂ ಅವರ ಕಣ್ಣೆದುರೇ ಉಮ್ಮ ಬಚ್ಚಲಿಗೆ ಒಯ್ದಳು. ಅವರಲ್ಲಿ ಇಬ್ಬರು ನಮ್ಮವರಲ್ಲ. ಅವರ ಮುಖ ಹೇಗಾಯಿತೆಂದು ನಾನು ನೋಡಿದೆ. ಅವರು ಹೋದ ಮೇಲೆ ನಾನು ಕೊಟ್ಟಿಗೆಗೆ ಹೋಗಿ ಸಗಣಿಯಲ್ಲಿ ಕೈ ಹಾಕಿ, ಬಂದು, ಹಗ್ಗದಲ್ಲಿ ಒಣಗುತ್ತಿದ್ದ ಉಮ್ಮನ ನಮಾಝಿನ ಬಿಳಿ ಬಟ್ಟೆಗೆ ಒರೆಸಿದೆ. ಅವಳು ನೋಡುತ್ತಿರುವಾಗಲೇ. ಉಮ್ಮ ಬೈಯಲಿಲ್ಲ. ಹೊಡೆಯಲಿಲ್ಲ. ಬಟ್ಟೆ ಎತ್ತಿಕೊಂಡು ಒಗೆಯುವ ಕಲ್ಲಿನ ಹತ್ತಿರ ಹೋದಳು. ರಾತ್ರಿಯವರೆಗೆ ಒಗೆದಳು. ಮರುದಿನ ಅವಳ ಬೆರಳ ಸಂದುಗಳೆಲ್ಲ ಬಿರಿದು ರಕ್ತ ಒಸರುತ್ತಿತ್ತು. ಆ ರಕ್ತವೂ ನಜಸ್. ಅದನ್ನೂ ತೊಳೆಯಬೇಕು.

ಉಮ್ಮನ ಸ್ಥಿತಿಗೆ ಬ್ಯಾರಿಯಲ್ಲಿ ಹೆಸರಿತ್ತು ಎಂದೆನಲ್ಲ: ವಸ್ವಾಸ್. ಅರಬಿಯಿಂದ ಬಂದ ಮಾತು. ಮನಸ್ಸಿನಲ್ಲಿ ಪಿಸುಗುಡುವ ಸಂಶಯ ಎಂದು ಅರ್ಥ. ಅದನ್ನು ಡಾಕ್ಟರರ ಎದುರು ಮೊದಲ ಬಾರಿ ಬಾಯಿಬಿಟ್ಟು ಹೇಳಿದವರು ನನ್ನ ಅಣ್ಣ, ಗಲ್ಫಿನಿಂದ ರಜೆಗೆ ಬಂದಾಗ. ಮಂಗಳೂರಿನ ಒಬ್ಬ ಮನೋವೈದ್ಯರು ಗೀಳು ಕಾಯಿಲೆ ಎಂದರು, ಮಾತ್ರೆ ಬರೆದರು. ಅಷ್ಟಕ್ಕೇ ಬಿಡದೆ ಇನ್ನೊಂದು ಮಾತು ಹೇಳಿದರು: "ನಿಮ್ಮ ಊರಿನ ಗುರುಗಳನ್ನೂ ಒಮ್ಮೆ ಕರೆದುಕೊಂಡು ಬನ್ನಿ. ನಾನು ಇಷ್ಟು ತೊಳೆದರೆ ಸಾಕು ಅಂದರೆ ಇವರು ನಂಬುವುದಿಲ್ಲ. ಎಷ್ಟು ಸಾಕು ಅಂತ ಅವರು ಹೇಳಲಿ."

ಉಸ್ತಾದರು ಬಂದರು. ಬಂದವರು ಡಾಕ್ಟರರಿಗಿಂತ ಕಠಿಣವಾಗಿ ಮಾತಾಡಿದರು. ಮೂರು ಸಲಕ್ಕಿಂತ ಹೆಚ್ಚು ತೊಳೆಯುವುದು ಪುಣ್ಯವಲ್ಲ, ತಪ್ಪು ಎಂದರು. ಪ್ರವಾದಿ ಮೂರು ಮೂರು ಸಲ ತೊಳೆದು ತೋರಿಸಿ, ಇದಕ್ಕಿಂತ ಹೆಚ್ಚು ಮಾಡಿದವನು ಅನ್ಯಾಯ ಮಾಡಿದಂತೆ ಎಂದಿದ್ದನ್ನು ನೆನಪಿಸಿದರು. ಆಮೇಲೆ ಶಾಸ್ತ್ರದ ಒಂದು ಮೂಲ ಸೂತ್ರವನ್ನು ಬಿಡಿಸಿ ಹೇಳಿದರು: ಖಚಿತವಾದದ್ದನ್ನು ಸಂಶಯ ಅಳಿಸಲಾರದು. ವುಝೂ ಮಾಡಿದ್ದು ಖಚಿತ, ಮುರಿಯಿತೋ ಎಂಬುದು ಸಂಶಯ. ಹಾಗಾದರೆ ವುಝೂ ಇದೆ. ನೀರು ಶುದ್ಧವಾಗಿದ್ದದ್ದು ಖಚಿತ, ಹನಿ ಸಿಡಿಯಿತೋ ಎಂಬುದು ಸಂಶಯ; ಹಾಗಾದರೆ ನೀರು ಶುದ್ಧ. ಇದರ ಮೂಲ ಒಂದು ಹದೀಸ್. ನಮಾಝಿನ ನಡುವೆ ಹೊಟ್ಟೆಯಲ್ಲಿ ಏನೋ ಆದಂತೆ ಅನ್ನಿಸುವವನು ಏನು ಮಾಡಬೇಕೆಂದು ಕೇಳಿದಾಗ, ಸದ್ದು ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಡಬೇಡ ಎಂದು ಪ್ರವಾದಿ ಹೇಳಿದ್ದು. ಮದ್ರಸದಲ್ಲಿ ಈ ಪಾಠ ಬಂದ ದಿನ ನಾವು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆವು. ಡಾಕ್ಟರರ ಕೋಣೆಯಲ್ಲಿ ಉಮ್ಮ ನಗಲಿಲ್ಲ, ಕಣ್ಣೊರೆಸಿಕೊಂಡಳು.

ಡಾಕ್ಟರರ ಚಿಕಿತ್ಸೆಯೂ ಹೆಚ್ಚುಕಡಿಮೆ ಅದೇ ದಾರಿಯದ್ದು. ಸಂಶಯ ಬಂದಾಗ ತೊಳೆಯದೆ ಕುಳಿತುಕೊಳ್ಳಬೇಕು. ಮೈ ನಡುಗಿದರೂ ಕುಳಿತುಕೊಳ್ಳಬೇಕು. ಅದು ತಾನಾಗಿ ಇಳಿಯುವವರೆಗೆ.

ನನಗೆ ಆಗ ಓದುವ ಹುಚ್ಚು ಹಿಡಿಯಿತು. ಉಮ್ಮನೊಬ್ಬಳೇ ಹೀಗಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಹೇಳಿದವರು ಸಾವಿರ ವರ್ಷ ಹಿಂದಿನವರು. 934ರಲ್ಲಿ ತೀರಿಕೊಂಡ ಬಲ್ಖ್ ಊರಿನ ಅಬೂ ಝೈದ್ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಪುಸ್ತಕ ಬರೆದು, ಅದರಲ್ಲಿ ಭಯ, ಸಿಟ್ಟು, ದುಃಖದ ಜೊತೆಗೆ ಬಿಟ್ಟೂ ಬಿಡದೆ ಕಾಡುವ ಆಲೋಚನೆಗಳಿಗೂ ಜಾಗ ಕೊಟ್ಟಿದ್ದಾರೆ. ಶಾಫಿ ಪಂಥದ ಅಬೂ ಮುಹಮ್ಮದ್ ಅಲ್‌ಜುವೈನಿ ವಸ್ವಾಸಿನ ಮೇಲೆಯೇ ಒಂದು ಪುಸ್ತಕ ಬರೆದರು. ಹಂಬಲಿ ಪಂಥದ ಇಬ್ನ್ ಖುದಾಮ ಈ ತೊಳೆಯುವವರನ್ನು ಬೈಯುವುದಕ್ಕೆಂದೇ ಒಂದು ಹೊತ್ತಗೆ ಬರೆದರು. ಇಷ್ಟು ಜನ ಇಷ್ಟು ಬರೆಯಬೇಕಾದರೆ ಎಷ್ಟು ಮನೆಗಳ ಬಚ್ಚಲಿನಲ್ಲಿ ಬೆಳಗಿನ ಜಾವ ನೀರು ಬೀಳುತ್ತಿದ್ದಿರಬೇಕು. ಬೈಯುವ ಪುಸ್ತಕಗಳು ನನಗೆ ಅಷ್ಟು ಹಿಡಿಸಲಿಲ್ಲ. ಶೈತಾನನ ಮಾತು ಕೇಳುವವನು ಎಂದು ಹಂಗಿಸಿದರೆ ಕಾಯಿಲೆಯವನಿಗೆ ಇನ್ನೊಂದು ಅಶುದ್ಧಿ ಅಂಟಿಸಿದಂತೆ, ಅಷ್ಟೆ.

ಇಮಾಮ್ ಗಝಾಲಿ ಬೇರೆ. ಅವರೂ ಶಾಫಿ. ಆದರೆ ಇಹ್ಯಾ ಉಲೂಮುದ್ದೀನ್‌ನ ಶುದ್ಧಿಯ ಅಧ್ಯಾಯದಲ್ಲಿ, ಈ ನೀರಿನ ವಿಷಯದಲ್ಲಿ ನಮ್ಮ ಪಂಥ ಮಾಲಿಕರ ಪಂಥದ ಹಾಗಿದ್ದಿದ್ದರೆ ಚೆನ್ನಾಗಿತ್ತು ಎಂದು ಆಸೆಪಡುತ್ತಾರೆ. ನೀರು ಎಷ್ಟೇ ಕಡಿಮೆಯಿರಲಿ, ಬಣ್ಣ, ವಾಸನೆ, ರುಚಿ ಬದಲಾಗದಿದ್ದರೆ ಶುದ್ಧವೇ ಎಂಬುದು ಮಾಲಿಕರ ಮತ. ಎರಡು ಖುಲ್ಲತ್‌ನ ಷರತ್ತೇ ಈ ಸಂಶಯಗಳನ್ನೆಲ್ಲ ಎಬ್ಬಿಸುತ್ತಿದೆ ಎಂದು ಗಝಾಲಿ ಒಪ್ಪಿಕೊಳ್ಳುತ್ತಾರೆ. 1111ರಲ್ಲಿ ತೀರಿಕೊಂಡ ಒಬ್ಬ ದೊಡ್ಡ ವಿದ್ವಾಂಸರು ನಮ್ಮ ಬಚ್ಚಲಿನ ಬಕೆಟ್ಟನ್ನು ಕಂಡವರಂತೆ ಬರೆದಿದ್ದಾರೆ! ಆ ಪುಟವನ್ನು ಉಮ್ಮನಿಗೆ ಓದಿ ಹೇಳಿದೆ. "ಅಷ್ಟು ದೊಡ್ಡವರಿಗೂ ಹಾಗೆ ಅನ್ನಿಸಿತ್ತಾ?" ಎಂದಳು. ಆ ದಿನ ಅವಳ ವುಝೂ ಬೇಗ ಮುಗಿಯಿತು ಎಂದೇನೂ ಇಲ್ಲ. ಆದರೆ ಬಚ್ಚಲಿಂದ ಬಂದು ಮತ್ತೆ ಕೇಳಿದಳು, ಅವರ ಹೆಸರೇನು ಎಂದು.

ಅದೇ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಭಾಗ. ಗಝಾಲಿ ಶುದ್ಧಿಗೆ ನಾಲ್ಕು ಮೆಟ್ಟಿಲು ಹೇಳುತ್ತಾರೆ. ಮೊದಲನೆಯದು ಮೈ ಬಟ್ಟೆಗಳದ್ದು. ಎರಡನೆಯದು ಕೈ ಕಾಲು ಕಣ್ಣು ನಾಲಿಗೆಗಳನ್ನು ಪಾಪದಿಂದ ತೊಳೆಯುವುದು. ಮೂರನೆಯದು ಹೃದಯವನ್ನು ಕೆಟ್ಟ ಗುಣಗಳಿಂದ ತೊಳೆಯುವುದು. ನಾಲ್ಕನೆಯದು ಒಳಗಿನ ಒಳಗನ್ನು ದೇವರೊಬ್ಬನ ಹೊರತು ಉಳಿದೆಲ್ಲದರಿಂದ ಖಾಲಿ ಮಾಡುವುದು; ಅದು ಪ್ರವಾದಿಗಳದ್ದು, ನಮ್ಮ ಮಾತಲ್ಲ. ಜನ ಮೊದಲ ಮೆಟ್ಟಿಲಲ್ಲೇ ಆಯುಷ್ಯ ಕಳೆಯುತ್ತಾರೆ ಎಂದು ಅವರಿಗೆ ಸಿಟ್ಟು. ಹಿಂದಿನವರು ಕೆಸರಿನಲ್ಲಿ ಬರಿಗಾಲಲ್ಲಿ ನಡೆದು, ಬರಿ ನೆಲದ ಮೇಲೆ ನಮಾಝ್ ಮಾಡಿ, ಉಂಡ ಕೈಯನ್ನು ಅಂಗಾಲಿಗೆ ಒರೆಸಿಕೊಳ್ಳುತ್ತಿದ್ದರು. ಅವರ ಕಾಳಜಿಯೆಲ್ಲ ಒಳಗಿನದರ ಮೇಲಿತ್ತು. ಖಲೀಫ ಉಮರ್ ಒಬ್ಬ ಕ್ರೈಸ್ತ ಹೆಂಗಸಿನ ಮಡಕೆಯ ನೀರಿನಿಂದ ವುಝೂ ಮಾಡಿದ್ದನ್ನೂ ಅವರು ನೆನಪಿಸುತ್ತಾರೆ. ಇವತ್ತಿನವರಿಗೆ ಹೊರಗೆ ಹೊಳಪು, ಒಳಗೆ ಅಹಂಕಾರ, ಬೂಟಾಟಿಕೆ.

ಇದನ್ನು ಓದುವಾಗ ಮೊದಲು ಉಮ್ಮನ ನೆನಪಾಯಿತು. ಪುಟ ಮಗುಚುವಷ್ಟರಲ್ಲಿ ನನ್ನ ನೆನಪಾಯಿತು. ಉಮ್ಮನ ಒಳಗೆ ಅಹಂಕಾರವಿರಲಿಲ್ಲ, ಹೆದರಿಕೆಯಿತ್ತು. ಸಗಣಿಯ ಕೈಯನ್ನು ಬಿಳಿ ಬಟ್ಟೆಗೆ ಒರೆಸಿದವಳು ನಾನು. ಅವಳ ಬಟ್ಟೆಯ ಕಲೆಗೆ ಬಾವಿಯಲ್ಲಿ ನೀರಿತ್ತು. ನನ್ನದಕ್ಕೆ ಯಾವ ನೀರು? ಪಶ್ಚಾತ್ತಾಪಪಟ್ಟರೆ ದೇವರು ತನಗೆ ಮಾಡಿದ ತಪ್ಪನ್ನು ಕ್ಷಮಿಸುತ್ತಾನೆ. ಮನುಷ್ಯರಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯರಿಂದಲೇ ಬಿಡುಗಡೆ ಪಡೆಯಬೇಕು ಎನ್ನುತ್ತಾರೆ ವಿದ್ವಾಂಸರು. ಉಮ್ಮನ ಹತ್ತಿರ ಕೇಳಬೇಕು. ಕೇಳಿದರೆ ಆ ಬಟ್ಟೆ ಅವಳಿಗೆ ಮತ್ತೆ ನೆನಪಾಗಿ, ಮತ್ತೆ ಒಗೆಯಲು ಶುರುಮಾಡಿದರೆ? ಹೀಗೆ ನೆಪ ಹೇಳಿಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದೆ. ಮದುವೆಯಾಯಿತು, ಮಕ್ಕಳಾದವು, ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಉಮ್ಮನ ಕಾಯಿಲೆ ಮಾತ್ರೆಯಲ್ಲಿ ಅರ್ಧ ಇಳಿದು, ಅರ್ಧ ಉಳಿದು, ಬಾಪ ತೀರಿಕೊಂಡಾಗ ಮತ್ತೆ ಏರಿತು.

ಅರುವತ್ತಾರನೆಯ ವಯಸ್ಸಿನಲ್ಲಿ ಉಮ್ಮ ಬಚ್ಚಲಿನಲ್ಲಿಯೇ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆಮೇಲೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಕುತ್ತಿಗೆಯ ಪಕ್ಕ ಸೂಜಿ ಚುಚ್ಚಿ ನಳಿಗೆ ಸೇರಿಸಿದ್ದರು. ಸದ್ಯಕ್ಕೆ ನೀರು ತಾಗಿಸಲೇಬೇಡಿ ಎಂದು ಡಾಕ್ಟರರು ಹೇಳಿ ಹೋದರು. ಉಮ್ಮನ ಕಣ್ಣು ಗೋಡೆಯ ನಲ್ಲಿಯ ಮೇಲೆಯೇ ಇತ್ತು. ಎರಡು ದಿನ ನಮಾಝ್ ತಪ್ಪಿತೆಂದು ಮಾತಾಡಲಿಲ್ಲ, ಗಂಜಿ ಕುಡಿಯಲಿಲ್ಲ.

ಉಸ್ತಾದರಿಗೆ ಫೋನ್ ಮಾಡಿದೆ. ತಯಮ್ಮುಮ್ ಮಾಡಿಸು ಎಂದರು. ನೀರು ಸಿಗದಾಗ ಅಥವಾ ನೀರಿನಿಂದ ರೋಗ ಹೆಚ್ಚುತ್ತದೆಂದಾಗ ಶುದ್ಧ ಮಣ್ಣಿನಿಂದ ಶುದ್ಧಿ ಮಾಡಿಕೊಳ್ಳುವ ವಿಧಿ. ವುಝೂವಿನ ವಿಧಿ ಹೇಳುವ ಕುರ್‌ಆನಿನ ಐದನೇ ಅಧ್ಯಾಯದ ಆರನೇ ವಚನದಲ್ಲಿಯೇ ಅದೂ ಇದೆ. ನಿಮ್ಮನ್ನು ಕಷ್ಟಕ್ಕೆ ಗುರಿಮಾಡುವುದು ದೇವರ ಇಚ್ಛೆಯಲ್ಲ ಎಂಬ ಅರ್ಥದ ಮಾತೂ ಅಲ್ಲಿಯೇ ಇದೆ. ಮನೆಯ ಹಿತ್ತಿಲಿನ ಕೆಂಪು ಮಣ್ಣನ್ನು ಬಿಸಿಲಿಗೆ ಹರವಿ, ಜರಡಿಯಲ್ಲಿ ಸಾಣಿಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿ ತಂದೆ. ನರ್ಸ್ ಹುಡುಗಿ ಡಬ್ಬಿ ತೆರೆದು ನೋಡಿ ನನ್ನ ಮುಖ ನೋಡಿದಳು. ವಿಷಯ ಹೇಳಿದೆ. ಅವಳು ಪರದೆ ಎಳೆದುಕೊಟ್ಟಳು.

ಉಮ್ಮನಿಗೆ ಶಾಸ್ತ್ರ ಗೊತ್ತಿತ್ತು, ಆದರೆ ಆಯುಷ್ಯದಲ್ಲಿ ಒಮ್ಮೆಯೂ ತಯಮ್ಮುಮ್ ಮಾಡಿರಲಿಲ್ಲ. ನಿಯ್ಯತ್ ಅವಳದು, ಕೈ ನನ್ನದು. ಅಂಗೈಗಳನ್ನು ಮಣ್ಣಿಗೆ ಮೆಲ್ಲಗೆ ತಟ್ಟಿ, ಹೆಚ್ಚಾದದ್ದನ್ನು ಊದಿ, ಅವಳ ಹಣೆಯಿಂದ ಗಲ್ಲದವರೆಗೆ ಸವರಿದೆ. ಮತ್ತೊಮ್ಮೆ ತಟ್ಟಿ, ಬಲಗೈ ಮೊಣಕೈವರೆಗೆ, ಎಡಗೈ ಮೊಣಕೈವರೆಗೆ. ಆ ಕೈಗಳ ಚರ್ಮ ಎಷ್ಟು ತೆಳುವಾಗಿತ್ತೆಂದರೆ ನರಗಳೆಲ್ಲ ನೀಲಿಯಾಗಿ ಕಾಣುತ್ತಿದ್ದವು. ಇಷ್ಟು ಹತ್ತಿರದಿಂದ ನಾನು ಅವಳನ್ನು ಮುಟ್ಟಿ ಎಷ್ಟು ಕಾಲವಾಗಿತ್ತು!

"ಇಷ್ಟೇಯಾ?" ಎಂದಳು.

"ಇಷ್ಟೇ ಉಮ್ಮಾ."

ಅಮ್ಮಾರ್ ಎಂಬ ಸಂಗಾತಿಯ ಕತೆ ಹೇಳಿದೆ. ಪ್ರಯಾಣದಲ್ಲಿ ಸ್ನಾನಕ್ಕೆ ನೀರು ಸಿಗದೆ, ಸ್ನಾನದ ಬದಲು ಮಣ್ಣಲ್ಲವೇ ಎಂದು ಅವರು ದನ ಹೊರಳಿದ ಹಾಗೆ ಇಡೀ ಮೈಯನ್ನು ಮಣ್ಣಿನಲ್ಲಿ ಹೊರಳಿಸಿದರಂತೆ. ಪ್ರವಾದಿಗೆ ಹೇಳಿದಾಗ ಅವರು ಕೈಯನ್ನು ನೆಲಕ್ಕೆ ತಟ್ಟಿ ಮುಖ, ಕೈ ಸವರಿ ತೋರಿಸಿ, ಇಷ್ಟು ಮಾಡಿದ್ದರೆ ಸಾಕಿತ್ತು ಎಂದರು. "ನನ್ನ ಹಾಗಿನವನು" ಎಂದು ಉಮ್ಮ ನಕ್ಕಳು. ಹಣೆಯ ಮೇಲೆ ಕೆಂಪು ಧೂಳು, ಆ ಧೂಳಿನಲ್ಲಿ ನಗು. ಆ ಧೈರ್ಯದಲ್ಲಿ ನಾನು ಕೇಳಿಬಿಟ್ಟೆ. ಆ ಬಟ್ಟೆ, ಆ ದಿನ ಕೊಟ್ಟಿಗೆಯಿಂದ ಬಂದು ನಾನು ಮಾಡಿದ್ದು, ನನ್ನನ್ನು ಕ್ಷಮಿಸಬೇಕು ಉಮ್ಮಾ ಎಂದು. ಮಾತು ತಡವರಿಸಿತು.

ಅವಳು ಸ್ವಲ್ಪ ಹೊತ್ತು ಮೇಲಿನ ಫ್ಯಾನ್ ನೋಡಿದಳು. "ಅದು ಅವತ್ತೇ ಒಗೆದಾಯಿತಲ್ಲ" ಎಂದಳು.

ಏನನ್ನೂ ಒಮ್ಮೆಗೇ ಒಗೆದಾಯಿತೆಂದು ನಂಬದವಳು. ನಾನು ಡಬ್ಬಿಯ ಮುಚ್ಚಳ ಹಾಕುವ ನೆಪದಲ್ಲಿ ಅತ್ತ ತಿರುಗಿದೆ. ಅವಳು ಮಲಗಿದಲ್ಲೇ ನಮಾಝ್ ಶುರುಮಾಡಿದಳು. ಶಾಫಿಗಳಿಗೆ ಒಂದು ತಯಮ್ಮುಮಿನಲ್ಲಿ ಒಂದೇ ಕಡ್ಡಾಯ ನಮಾಝ್. ಹಾಗಾಗಿ ದಿನಕ್ಕೆ ಐದು ಸಲ ಆ ಡಬ್ಬಿ ತೆರೆದೆವು. ಹತ್ತು ದಿನ. ಒಮ್ಮೆಯೂ ಅವಳು ಮತ್ತೊಮ್ಮೆ ಸವರು ಎನ್ನಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಹೋದಳು.

ಮನೆಗೆ ತಂದು ಹಿಂಬದಿಯ ಚಾವಡಿಯಲ್ಲಿ ಪರದೆ ಕಟ್ಟಿ, ಹಲಗೆಯ ಮೇಲೆ ಮಲಗಿಸಿದರು. ಊರಿನ ಹೆಂಗಸರ ಮಯ್ಯಿತಿಗೆ ಸ್ನಾನ ಮಾಡಿಸುವ ಒಬ್ಬ ವಯಸ್ಸಾದ ಅಜ್ಜಿ ಬಂದಿದ್ದರು. ನನಗೆ ಅದರ ಹಿಂದಿನ ದಿನವಷ್ಟೇ ಮುಟ್ಟಾಗಿತ್ತು. ಚಿಕ್ಕಮ್ಮನ ಕಿವಿಯಲ್ಲಿ ಹೇಳಿದೆ. ಅವಳು ಗಾಬರಿಯಾದಳು. "ನೀನು ಹೊರಗಿರು. ನಿನ್ನ ಉಮ್ಮನಿಗೆ ಇದೆಲ್ಲ ಆಗುತ್ತಿರಲಿಲ್ಲ, ಗೊತ್ತಲ್ಲ" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಪರದೆಯ ಹೊರಗೆ ಬಂದು ನಿಂತೆ.

ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. "ಮಗಳೆಲ್ಲಿ? ಮಗಳು ಬರಲಿ." ಚಿಕ್ಕಮ್ಮ ಏನೋ ಪಿಸುಗುಟ್ಟಿದಳು. "ಆದರೇನು? ಮುಟ್ಟು ಕೈಯಲ್ಲಿರುತ್ತದಾ?" ಎಂದರು ಅಜ್ಜಿ. ಮಸೀದಿಯಿಂದ ಚಾಪೆ ಎತ್ತಿಕೊಡಲು ಹಿಂಜರಿದ ಆಯಿಷಾರಿಗೆ ಪ್ರವಾದಿ ಹೇಳಿದ ಮಾತಿನ ಅರ್ಥವೂ ಅದೇ. ಅಜ್ಜಿಗೆ ಓದು ಬರಹ ಬರುವುದಿಲ್ಲ. ಮುಟ್ಟಾದವಳು ಮಯ್ಯಿತಿಗೆ ಸ್ನಾನ ಮಾಡಿಸುವುದರಲ್ಲಿ ದೋಷವೇನೂ ಇಲ್ಲ ಎಂದು ಶಾಫಿ ಗ್ರಂಥಗಳು ಹೇಳುತ್ತವೆ. ಅದನ್ನು ನಾನು ಆಮೇಲೆ ಓದಿ ಖಚಿತಪಡಿಸಿಕೊಂಡೆ. ಅಲ್ಲಿ ಇನ್ನೊಂದು ಮಾತೂ ಇತ್ತು: ಸತ್ತ ಮನುಷ್ಯನ ದೇಹ ಅಶುದ್ಧವಲ್ಲ. ಕೊಳೆ ಹೋಗಿಸಲು ಅಲ್ಲ ಆ ಸ್ನಾನ, ಗೌರವಕ್ಕೆ.

ಹೊಕ್ಕುಳಿಂದ ಮಂಡಿಯವರೆಗೆ ಬಟ್ಟೆ ಮುಚ್ಚಿಯೇ ಇತ್ತು. ಅಜ್ಜಿ ಕೈಗೆ ಬಟ್ಟೆ ಸುತ್ತಿಕೊಂಡು, ಅದರ ಅಡಿಯಿಂದಲೇ ಶುಚಿ ಮಾಡಿದರು. ಹಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಆಮೇಲೆ ವುಝೂ ಮಾಡಿಸು ಎಂದು ಗಿಂಡಿಯನ್ನು ನನ್ನ ಕೈಗೆ ಕೊಟ್ಟರು. ಉಮ್ಮನ ಮುಖ. ಬಲಗೈ. ಎಡಗೈ. ಆ ಮೊಣಕೈ. ಆಮೇಲೆ ತಲೆ, ಮೈಯ ಬಲಬದಿ, ಎಡಬದಿ. ಎಲಚಿ ಎಲೆ ಸಿಗದೆ ಸೋಪಿನ ನೀರು, ಮತ್ತೆ ಬರೀ ನೀರು, ಕೊನೆಯದಕ್ಕೆ ಕರ್ಪೂರ. ಪ್ರವಾದಿಯವರ ಮಗಳು ಝೈನಬ್ ತೀರಿಕೊಂಡಾಗ ಸ್ನಾನ ಮಾಡಿಸಿದ ಹೆಂಗಸರಲ್ಲಿ ಉಮ್ಮು ಅತಿಯ್ಯ ಎಂಬವರಿದ್ದರು. ಮೂರು ಸಲ, ಅಥವಾ ಐದು, ಬೇಕೆನಿಸಿದರೆ ಇನ್ನೂ ಹೆಚ್ಚು, ಕೊನೆಯದಕ್ಕೆ ಕರ್ಪೂರ ಎಂದು ಮಗಳನ್ನು ಕಳೆದುಕೊಂಡ ಆ ತಂದೆ ಹೊರಗಿನಿಂದ ಹೇಳಿಕೊಟ್ಟಿದ್ದರು. ಮೈಗೆ ಸುತ್ತಲು ತಮ್ಮ ಉಡುವ ಬಟ್ಟೆಯನ್ನೇ ಕಳಚಿ ಕೊಟ್ಟರು. ಕೂದಲನ್ನು ಮೂರು ಜಡೆ ಹಾಕಿದೆವು ಎಂದು ಉಮ್ಮು ಅತಿಯ್ಯ ಹೇಳಿದ್ದಾರೆ. ಹಲವು ಕಡೆ ಮುಸ್ಲಿಂ ಹೆಂಗಸರು ಇವತ್ತಿಗೂ ಇದನ್ನು ಮಾಡುವುದು ಅವರ ಆ ನೆನಪಿನಿಂದ.

ಮೂರನೆಯ ನೀರು ಮುಗಿದ ಮೇಲೂ ನನ್ನ ಕೈ ಬಕೆಟ್ಟಿಗೆ ಹೋಯಿತು. ಎಡಮೊಣಕೈಯ ಹಿಂಬದಿ ಒದ್ದೆಯಾಗಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ ನಾನು. ಅಜ್ಜಿ ನನ್ನ ಮಣಿಕಟ್ಟು ಹಿಡಿದರು. "ಸಾಕು ಮಗಳೇ. ಮೂರಾಯಿತು." ಆಮೇಲೆ ಬಾಚಣಿಗೆ ಕೊಟ್ಟರು. ನಾನು ಉಮ್ಮನ ಕೂದಲನ್ನು ಮೂರು ಪಾಲು ಮಾಡಿದೆ.

ನನ್ನ ಸ್ನಾನದ ದಿನ ಬಂದದ್ದು ಐದು ದಿನ ಕಳೆದು. ಉಮ್ಮನ ಬಚ್ಚಲಿನಲ್ಲೇ ಮಾಡಿದೆ. ಎಷ್ಟು ಚೆಂಬು ಸುರಿದುಕೊಂ‍ಡೆ ಎಂದು ಎಣಿಸಲಿಲ್ಲ. ಹೊರಗೆ ಬಂದು ಕಪಾಟು ತೆಗೆದೆ. ನಮಾಝಿನ ಆ ಬಿಳಿ ಬಟ್ಟೆ ಮಡಚಿ ಇಟ್ಟಲ್ಲೇ ಇತ್ತು. ಅಷ್ಟು ವರ್ಷ ಉಜ್ಜಿ ಉಜ್ಜಿ ಅದರ ಅಂಚೆಲ್ಲ ಜಾಳಾಗಿತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಉಟ್ಟದ್ದಿರಬೇಕು. ಕುತ್ತಿಗೆಯ ಹತ್ತಿರ ಅವಳ ತಲೆಗೆ ಹಚ್ಚುವ ತೆಂಗಿನೆಣ್ಣೆಯ ವಾಸನೆ ಇನ್ನೂ ಇತ್ತು. ಒಗೆದು ಉಡು ಎಂದು ಚಿಕ್ಕಮ್ಮ ಹೇಳಿದಳು. ನಾನು ಹಾಗೆಯೇ ಉಟ್ಟುಕೊಂಡು ಅಸರ್ ನಮಾಝಿಗೆ ನಿಂತೆ.